ಫಿಲ್ಲರ್ ಹಾಕುವವರು ಭಾನುವಾರ ಬರುತ್ತಾರೆ, ಸೋಮವಾರ ಯಾರಿರುತ್ತಾರೆ?

ದೀಪಾವಳಿ ಮುಗಿದ ವಾರ ತೀರ್ಥಹಳ್ಳಿಯಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅವಳ ಮಗಳ ಮದುವೆ ಮಾಘದಲ್ಲಿ. ಛತ್ರ, ಸೀರೆ, ಅಡುಗೆಯವರು ಎಲ್ಲ ಮಾತಾಡಿ ಮುಗಿದ ಮೇಲೆ ದನಿ ಸ್ವಲ್ಪ ಇಳಿಸಿದಳು. "ಅಕ್ಕ, ಇಲ್ಲೇ ಪೇಟೆಗೆ ಭಾನುವಾರ ಬೆಂಗಳೂರಿಂದ ಡಾಕ್ಟರ್ ಬರ್ತಾರಂತೆ. ಕೆನ್ನೆಗೆ ಫಿಲ್ಲರ್ ಅಂತ ಹಾಕ್ತಾರಂತೆ. ಮಾಡಿಸ್ಲಾ?"

ಅವಳಿಗೆ 46. ನಿಶ್ಚಿತಾರ್ಥದ ಫೋಟೊ ನೋಡಿದಾಗಿನಿಂದ ತಲೆಯಲ್ಲಿ ಅದೇ ಕೂತಿದೆಯಂತೆ. "ಹುಡುಗಿಯ ಅಮ್ಮನ ಥರ ಅಲ್ಲ, ಅಜ್ಜಿ ಥರ ಕಾಣ್ತೀನಿ."

ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕು ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ. ತಿಂಗಳಿಗೊಮ್ಮೆ ತಲೆಗೆ ಬಣ್ಣ ಹಚ್ಚಿಕೊಳ್ಳುವ ನನಗೆ ಆ ಮಾತಾಡುವ ಹಕ್ಕಿಲ್ಲ, ಅಲ್ವಾ? ಅದರ ಬದಲು ಕೇಳಿದೆ: "ಅವರು ಹಾಕಿ ಹೋದ ಮೇಲೆ ರಾತ್ರಿ ಏನಾದರೂ ಆದರೆ ನೋಡೋರು ಯಾರು?" ಆ ಕಡೆಯಿಂದ ಉತ್ತರ ಬರಲಿಲ್ಲ.

ಮುಖಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುವುದು ಈಗ ಬರೀ ಬೆಂಗಳೂರಿನ ಸುದ್ದಿಯಲ್ಲ. ಶಿವಮೊಗ್ಗದ ದೊಡ್ಡ ರಸ್ತೆಗಳಲ್ಲಿ ಚರ್ಮ ಮತ್ತು ಕೂದಲಿನ ಕ್ಲಿನಿಕ್ಕುಗಳ ಬೋರ್ಡು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಮದುವೆ ಸೀಸನ್ ಬಂದರೆ ಮೇಕಪ್, ಮೆಹಂದಿಯ ಪಟ್ಟಿಯಲ್ಲೇ ಫಿಲ್ಲರ್ ಎಂಬ ಹೆಸರೂ ಸೇರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ತಾಲ್ಲೂಕು ಪೇಟೆಗಳಿಗೆ ಅದು ಬರುವ ದಾರಿಯೇ ಬೇರೆ. ಅಲ್ಲಿ ಇದಕ್ಕೆಂದೇ ಕೂತ ವೈದ್ಯರಿರುವುದಿಲ್ಲ. ತಿಂಗಳಿಗೆ ಒಂದೋ ಎರಡೋ ದಿನ ಹೊರಗಿನಿಂದ ಒಬ್ಬರು ಬರುತ್ತಾರೆ. ಯಾವುದೋ ಪಾರ್ಲರಿನ ಮಹಡಿಯಲ್ಲೋ, ಬೇರೆಯವರ ಕ್ಲಿನಿಕ್ಕಿನ ಒಂದು ರೂಮಿನಲ್ಲೋ ಕೂತು, ಬಂದವರಿಗೆಲ್ಲ ಹಾಕಿ, ಸಂಜೆಗೆ ಊರಿಗೆ ಹೊರಡುತ್ತಾರೆ. ನನ್ನ ತಕರಾರು ಇರುವುದು ಈ ಏರ್ಪಾಡಿನ ಬಗ್ಗೆ. ಫಿಲ್ಲರ್ ಬಗ್ಗೆ ಅಷ್ಟಾಗಿ ಇಲ್ಲ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಬೊಟಾಕ್ಸ್ ಬೇರೆ, ಫಿಲ್ಲರ್ ಬೇರೆ. ಬೊಟಾಕ್ಸ್ ಮಾಂಸಖಂಡವನ್ನು ಮೂರ್ನಾಲ್ಕು ತಿಂಗಳು ಸಡಿಲ ಮಾಡುತ್ತದೆ. ಹುಬ್ಬು ಗಂಟಿಕ್ಕಿದಾಗ ಬೀಳುವ ಗೆರೆ ಅದರಿಂದ ಕಡಿಮೆಯಾಗುತ್ತದೆ. ಫಿಲ್ಲರ್ ಏನನ್ನೂ ಸಡಿಲ ಮಾಡುವುದಿಲ್ಲ. ಖಾಲಿಯಾದ ಜಾಗ ತುಂಬುತ್ತದೆ, ಅಷ್ಟೇ.

ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ಮಳೆಗಾಲದಲ್ಲಿ ಅಡಿಕೆ ತೋಟದ ಮೇಲ್ಮಣ್ಣು ತೊಳೆದು ಹೋಗುತ್ತದೆ, ಮರದ ಬೇರು ಹೊರಗೆ ಕಾಣುತ್ತದೆ. ಕೆಲವು ವರ್ಷಕ್ಕೊಮ್ಮೆ ಹೊಸ ಮಣ್ಣು ಹಾಕಿಸುತ್ತೇವೆ. ಮುಖದಲ್ಲೂ ಹಾಗೆಯೇ. ಬರೀ ಚರ್ಮ ಜೋತು ಬೀಳುವುದಲ್ಲ. ಕೆನ್ನೆಯ ಕೊಬ್ಬು ಕರಗಿ ಕೆಳಗಿಳಿಯುತ್ತದೆ, ಕಣ್ಣಿನ ಸುತ್ತಲ ಮೂಳೆ ಮತ್ತು ದವಡೆಯ ಮೂಳೆ ಕೂಡ ಸವೆಯುತ್ತದೆ. ಕೆಳಗಿನ ಆಧಾರ ಹೋದ ಮೇಲೆ ಮೇಲಿನ ಚರ್ಮ ಮಡಚಿಕೊಳ್ಳುತ್ತದೆ. ಮೂಗಿನ ಪಕ್ಕದಿಂದ ಬಾಯಿಯ ಕಡೆಗೆ ಇಳಿಯುವ ಗೆರೆ ಕ್ರೀಮು ಹಚ್ಚಿದರೆ ಹೋಗದಿರುವುದು ಇದಕ್ಕೇ. ಮಣ್ಣು ಹೋದ ಜಾಗಕ್ಕೆ ಮಣ್ಣೇ ಬೇಕು.

ಈಗ ಹೆಚ್ಚಾಗಿ ಹಾಕುವ ಫಿಲ್ಲರ್ ಹ್ಯಾಲುರಾನಿಕ್ ಆಸಿಡ್ ಎಂಬ ಲೋಳೆ. ಹೆಸರಲ್ಲಿ ಆಸಿಡ್ ಇದ್ದರೂ ಸುಡುವ ವಸ್ತುವಲ್ಲ. ನಮ್ಮ ಚರ್ಮದಲ್ಲಿ, ಮಂಡಿಯ ಕೀಲಿನಲ್ಲಿ, ಕಣ್ಣಿನೊಳಗೆ ಮೊದಲೇ ಇರುವಂಥದ್ದು. ನೀರು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. 1934ರಲ್ಲಿ ಅಮೆರಿಕದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬಿಬ್ಬರು ಇದನ್ನು ಹಸುವಿನ ಕಣ್ಣಿನಿಂದ ಬೇರ್ಪಡಿಸಿದರು. ಆಮೇಲೆ ಬಹಳ ಕಾಲ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಹೆಚ್ಚಿನದು ಬ್ಯಾಕ್ಟೀರಿಯಾ ಬೆಳೆಸಿ ತೆಗೆದದ್ದು. ನಮ್ಮ ಮೈಯಲ್ಲಿ ಇದು ಸುಮಾರು 15 ಗ್ರಾಂ ಇರುತ್ತದೆ, ಅದರಲ್ಲಿ ಮೂರರಲ್ಲಿ ಒಂದು ಭಾಗ ದಿನವೂ ಕರಗಿ ಹೊಸದಾಗುತ್ತದೆ. ಅಂದರೆ ಹಾಗೆಯೇ ಚುಚ್ಚಿದರೆ ಕೆಲವೇ ದಿನದಲ್ಲಿ ಮಾಯ. ಅದಕ್ಕೆ ಎಳೆಗಳನ್ನು ಒಂದಕ್ಕೊಂದು ರಾಸಾಯನಿಕವಾಗಿ ಗಂಟು ಹಾಕಿ ಗಟ್ಟಿ ಜೆಲ್ ಮಾಡುತ್ತಾರೆ. 2003ರ ಕೊನೆಗೆ ರೆಸ್ಟಿಲೇನ್ ಎಂಬ ಇಂಥ ಜೆಲ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮೊದಲು, 1981ರಿಂದ, ಹಸುವಿನ ಚರ್ಮದ ಕೊಲಾಜನ್ ಚುಚ್ಚುತ್ತಿದ್ದರು. ಅಲರ್ಜಿ ಆಗುತ್ತದೆಯೇ ಎಂದು ಮೊದಲು ಕೈಗೆ ಹಾಕಿ ವಾರಗಟ್ಟಲೆ ಕಾಯಬೇಕಿತ್ತು. ಇನ್ನೂ ಹಿಂದೆ ಹೋದರೆ, 1899ರಲ್ಲಿ ವಿಯೆನ್ನಾದ ರಾಬರ್ಟ್ ಗರ್ಸುನಿ ಎಂಬ ಸರ್ಜನ್ ಪ್ಯಾರಾಫಿನ್ ಚುಚ್ಚಲು ಶುರು ಮಾಡಿದ್ದರು. ಹೌದು, ಮೇಣದ ಬತ್ತಿಯ ಜಾತಿಯದೇ. ವರ್ಷಗಳು ಕಳೆದ ಮೇಲೆ ಅದು ಒಳಗೇ ಗಂಟು ಕಟ್ಟಿ ಹೊರಗೆ ಬರತೊಡಗಿತು. ಮೈಯಿಂದ ತೆಗೆಯಲಾಗದ್ದನ್ನು ಮೈಗೆ ಹಾಕಬಾರದು ಎಂದು ಜನ ಆಗಲೇ ಕಲಿಯಬೇಕಿತ್ತು. ಆಮೇಲೆ ದ್ರವ ಸಿಲಿಕೋನ್ ಬಂತು. ಕಲಿತಿರಲಿಲ್ಲ.

ಒಳ್ಳೆಯ ಮಾತನ್ನೂ ಹೇಳಬೇಕು. ಕೈ ಪಳಗಿದವರು ಹಾಕಿದರೆ ಫಿಲ್ಲರ್ ಕೆಲಸ ಮಾಡುತ್ತದೆ. ಹಾಕಿಸಿಕೊಂಡಿದ್ದಾರೆ ಅಂತ ಗೊತ್ತೂ ಆಗುವುದಿಲ್ಲ. ನಮಗೆ ಗೊತ್ತಾಗುವುದು ಕೆಟ್ಟದಾಗಿ ಹಾಕಿದ್ದು ಮಾತ್ರ. ಒಳ್ಳೆ ಕಂಪನಿಯ ಒಂದು ಸಿರಿಂಜಿಗೆ 20ರಿಂದ 30 ಸಾವಿರ ರೂಪಾಯಿ ಆಗುವುದು ಮಾಮೂಲು. ಸಿರಿಂಜಿನಲ್ಲಿರುವುದು 1 ಮಿಲಿಲೀಟರ್. ಟೀ ಚಮಚದ ಐದನೇ ಒಂದು ಭಾಗ. ಎರಡೂ ಕೆನ್ನೆ ತುಂಬಲು ಅಷ್ಟು ಸಾಲದು ಅನ್ನುವುದು ಬಹಳ ಜನರಿಗೆ ಕುರ್ಚಿಯಲ್ಲಿ ಕೂತ ಮೇಲೆ ಗೊತ್ತಾಗುತ್ತದೆ.

ಹಾಕಿದ ಮೇಲೆ ಊತ, ನೀಲಿಗಟ್ಟುವುದು ಇದ್ದದ್ದೇ. ವಾರ, ಎರಡು ವಾರದಲ್ಲಿ ಇಳಿಯುತ್ತದೆ. ಮದುವೆಗೆ ನಾಲ್ಕು ದಿನ ಇರುವಾಗ ಹೋಗಬೇಡಿ ಎಂದು ಹೇಳುವುದು ಇದಕ್ಕೆ. ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಹೆದರಬೇಕಾದದ್ದು ರಕ್ತನಾಳದ ವಿಷಯಕ್ಕೆ. ಮುಖದ ತುಂಬ ಸಣ್ಣ ಸಣ್ಣ ರಕ್ತನಾಳಗಳಿವೆ, ಅವುಗಳ ದಾರಿ ಒಬ್ಬರಿಗೊಂದು ಥರ. ಸೂಜಿಯ ತುದಿ ತಿಳಿಯದೆ ಒಂದು ನಾಳದೊಳಗೆ ಹೋಗಿ ಜೆಲ್ ಅಲ್ಲಿ ಸೇರಿತು ಅಂದುಕೊಳ್ಳಿ. ಗುಡ್ಡದಿಂದ ಮನೆಗೆ ಅಬ್ಬಿ ನೀರು ತರುವ ಪೈಪಿನ ಬಾಯಿಗೆ ತರಗೆಲೆ ಕೂತ ಹಾಗೆ. ಪೈಪು ಸರಿಯಾಗಿಯೇ ಇರುತ್ತದೆ, ಮೇಲೆ ನೀರೂ ಇರುತ್ತದೆ, ಕೆಳಗೆ ಮಾತ್ರ ಒಂದು ಹನಿಯಿಲ್ಲ. ಆ ನಾಳದಿಂದ ರಕ್ತ ಸಿಗುತ್ತಿದ್ದ ಚರ್ಮ ಮೊದಲು ಬೆಳ್ಳಗಾಗುತ್ತದೆ. ಆಮೇಲೆ ನೇರಳೆ ಬಣ್ಣದ ಬಲೆಯಂಥ ಕಲೆ ಬರುತ್ತದೆ. ಚುಚ್ಚಿದ್ದಕ್ಕೆ ಆಗಬೇಕಾದಷ್ಟಲ್ಲ, ಅದಕ್ಕಿಂತ ಜಾಸ್ತಿ ನೋವು. ಬಿಟ್ಟರೆ ಗುಳ್ಳೆಯೆದ್ದು ಚರ್ಮ ಸಾಯುತ್ತದೆ, ಗಾಯದ ಗುರುತು ಉಳಿಯುತ್ತದೆ.

ಇದು ಅಪರೂಪವೇ. 2021ರಲ್ಲಿ ಅಮೆರಿಕದ ಚರ್ಮವೈದ್ಯರ ಅನುಭವ ಕೇಳಿ ಮಾಡಿದ ಒಂದು ಅಧ್ಯಯನ ಬಂತು. 370 ವೈದ್ಯರು, 17 ಲಕ್ಷದಷ್ಟು ಸಿರಿಂಜು. ಸೂಜಿಯಲ್ಲಿ ಹಾಕಿದಾಗ 6,410 ಸಿರಿಂಜಿಗೆ ಒಂದರಂತೆ ನಾಳ ಕಟ್ಟಿಕೊಂಡಿತ್ತು. ತುದಿ ಮೊಂಡಾದ ಕ್ಯಾನುಲಾ ಎಂಬ ಕೊಳವೆಯಲ್ಲಿ ಹಾಕಿದಾಗ 40,882ಕ್ಕೆ ಒಂದು. ನೋಡಿದರೆ ಸಮಾಧಾನ ಕೊಡುವ ಲೆಕ್ಕವೇ. ಆದರೆ ಅವರೆಲ್ಲ ಚರ್ಮರೋಗದಲ್ಲಿ ಓದಿ ಪಾಸಾದವರು. ಎರಡು ದಿನದ ಕೋರ್ಸ್ ಮುಗಿಸಿ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿದವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಕಣ್ಣಿನ ವಿಷಯ ಇನ್ನೂ ಕಷ್ಟ. ಮೂಗು, ಹುಬ್ಬಿನ ನಡುವೆ, ಹಣೆ: ಇಲ್ಲಿನ ನಾಳಗಳು ಒಳಗೊಳಗೇ ಕಣ್ಣಿಗೆ ರಕ್ತ ಕೊಡುವ ನಾಳಕ್ಕೆ ಸೇರಿಕೊಂಡಿವೆ. ಸಿರಿಂಜನ್ನು ಜೋರಾಗಿ ಒತ್ತಿದರೆ ಜೆಲ್ ರಕ್ತದ ಎದುರು ದಿಕ್ಕಿಗೆ ಏರುತ್ತದೆ. ಕೈ ಸಡಿಲಿಸಿದ ಕೂಡಲೇ ರಕ್ತ ಅದನ್ನು ಹೊತ್ತು ಕಣ್ಣಿನ ಕಡೆ ಇಳಿಸುತ್ತದೆ. ಆ ಕಡೆಯ ಕಣ್ಣು ಮಬ್ಬಾಗುತ್ತದೆ ಅಥವಾ ಪೂರ್ತಿ ಕತ್ತಲಾಗುತ್ತದೆ. ಜೊತೆಗೆ ಕಣ್ಣುನೋವು, ವಾಂತಿ, ರೆಪ್ಪೆ ಜೋತು ಬೀಳುವುದು. ರಕ್ತವಿಲ್ಲದೆ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಒಳಪದರ, ಒಂದೂವರೆ ಗಂಟೆ ತಾಳುತ್ತದೆ ಎಂದು ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಅಷ್ಟೂ ತಾಳುವುದಿಲ್ಲ, ಇನ್ನೂ ಬೇಗ ಕೆಡುತ್ತದೆ ಎನ್ನುವ ವೈದ್ಯರೂ ಇದ್ದಾರೆ. ಹೀಗೆ ಹೋದ ದೃಷ್ಟಿ ಪೂರ್ತಿ ವಾಪಸ್ ಬರುವುದು ಕಡಿಮೆ.

ಈಗ ಒಂದೂವರೆ ಗಂಟೆಯನ್ನು ನಮ್ಮ ರಸ್ತೆಯಲ್ಲಿ ಇಟ್ಟು ನೋಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಆಸುಪಾಸು, ಸಾಗರದಿಂದ 70ರ ಆಸುಪಾಸು. ಗಾಡಿ ಸಿದ್ಧವಾಗಿದ್ದು, ಮಳೆ ಇಲ್ಲದಿದ್ದು, ಮರ ಬೀಳದಿದ್ದರೆ ಅಷ್ಟು ಹೊತ್ತಿಗೆ ಶಿವಮೊಗ್ಗ ಮುಟ್ಟಬಹುದು. ಅಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಗೇಟು ಮುಟ್ಟಿದ ಮೇಲೂ ಆದದ್ದೇನು ಅಂತ ವಿವರಿಸಬೇಕು. ಹೋಗಲಿ, ಕಣ್ಣಿನ ತೊಂದರೆ ಸಾಮಾನ್ಯವಾಗಿ ಚುಚ್ಚಿದ ಕೂಡಲೇ ಗೊತ್ತಾಗುತ್ತದೆ. ಚರ್ಮದ್ದು ಹಾಗಲ್ಲ. ಎಷ್ಟೋ ಸಲ ಕೆಲವು ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಚುಚ್ಚುವಾಗ ಮರಗಟ್ಟುವ ಔಷಧಿ ಇರುವುದರಿಂದ ನೋವು ಗೊತ್ತಾಗುವುದೂ ತಡ. ಭಾನುವಾರ ಮಧ್ಯಾಹ್ನ ಹಾಕಿಸಿಕೊಂಡು ಆಗುಂಬೆ ಕಡೆಯ ಹಳ್ಳಿಗೆ ವಾಪಸ್ ಹೋದವಳಿಗೆ ರಾತ್ರಿ ಕೆನ್ನೆ ಸಿಡಿಯಲು ಶುರುವಾಗುತ್ತದೆ. ಡಾಕ್ಟರ್ ಆಗಲೇ ಬೆಂಗಳೂರಿನ ಟ್ರೇನಿನಲ್ಲಿ. ಫೋಟೊ ಕಳಿಸೋಣ ಅಂದರೆ ನೆಟ್‌ವರ್ಕಿಗೆ ಗುಡ್ಡ ಹತ್ತಬೇಕು. ಕಳಿಸಿದರೆ ಬರುವ ಉತ್ತರ, "ಊತ ಮಾಮೂಲು ಮೇಡಂ, ಐಸ್ ಇಡಿ." ಐಸ್ ಇಟ್ಟರೆ ನಾಳ ಇನ್ನಷ್ಟು ಕುಗ್ಗುತ್ತದೆ. ಇಂಥ ಹೊತ್ತಲ್ಲಿ ಬೇಕಾದದ್ದು ಬಿಸಿ ಶಾಖ, ತಡಮಾಡದೆ ಕರಗಿಸುವ ಔಷಧಿ.

ಆ ಔಷಧಿ ಇದೆ. ಹ್ಯಾಲುರಾನಿಕ್ ಆಸಿಡ್ ಫಿಲ್ಲರಿನ ದೊಡ್ಡ ಗುಣವೇ ಅದು. ಹ್ಯಾಲುರಾನಿಡೇಸ್ ಎಂಬ ಕಿಣ್ವವನ್ನು ಆ ಜಾಗಕ್ಕೆ ಚುಚ್ಚಿದರೆ ಗಂಟು ಹಾಕಿದ ಜೆಲ್ ಕರಗಿ ಹೋಗುತ್ತದೆ. ಮೊದಲ ಕೆಲವು ಗಂಟೆಯಲ್ಲಿ, ಸಾಕಷ್ಟು ಪ್ರಮಾಣದಲ್ಲಿ ಹಾಕಿದರೆ ಚರ್ಮ ಉಳಿಸಬಹುದು. ಇದೇನು ಆಕಾಶದಿಂದ ಇಳಿದ ಔಷಧಿಯಲ್ಲ. ಹಾವಿನ ವಿಷದಲ್ಲಿ, ಜೇನುಹುಳದ ವಿಷದಲ್ಲಿ ಇದೇ ಜಾತಿಯ ಕಿಣ್ವ ಇದೆ. ವಿಷ ಮೈಯಲ್ಲಿ ಬೇಗ ಹರಡಲು ಅದೇ ದಾರಿ ಮಾಡಿಕೊಡುತ್ತದೆ. ಜೇನು ಕಚ್ಚಿದರೆ ಉಸಿರುಗಟ್ಟುವಷ್ಟು ಅಲರ್ಜಿ ಇರುವವರು ಫಿಲ್ಲರ್ ಮಾತಿಗೆ ಮೊದಲೇ ವೈದ್ಯರಿಗೆ ಹೇಳಬೇಕಾದದ್ದು ಇದಕ್ಕೆ.

ಇನ್ನೊಂದು ತಮಾಷೆ ಇದೆ. ಪೊರೆ ಆಪರೇಷನ್‌ಗೆ ಮುಂಚೆ ಕಣ್ಣಿನ ಸುತ್ತ ಮರಗಟ್ಟಿಸಲು ಕೊಡುವ ಇಂಜೆಕ್ಷನ್ನಿಗೆ ಈ ಕಿಣ್ವವನ್ನು ಬೆರೆಸುತ್ತಾರೆ. ಅಡಿಕೆ, ಗುಟ್ಕಾ ಜಗಿದು ಜಗಿದು ಬಾಯಿ ಬಿಡಲಾಗದಂತೆ ಬಿಗಿದುಕೊಂಡವರಿಗೆ ದಂತವೈದ್ಯರು ಕೆನ್ನೆಯ ಒಳಗೆ ಚುಚ್ಚುವುದೂ ಇದನ್ನೇ, ಸ್ಟೀರಾಯ್ಡ್ ಜೊತೆಗೆ. ಅಂದರೆ ಅಡಿಕೆ ಸೀಮೆಯ ವೈದ್ಯರಿಗೆ ಈ ಔಷಧಿ ಹೊಸದಲ್ಲ. ಅಡಿಕೆಯಿಂದ ಬಿಗಿದ ಕೆನ್ನೆಗೂ ಇದೇ, ಫಿಲ್ಲರ್ ಹಾಕಿ ಕೆಟ್ಟ ಕೆನ್ನೆಗೂ ಇದೇ. ಸಮಸ್ಯೆ ಅದು ಊರಲ್ಲಿ ಇದೆಯೋ ಇಲ್ಲವೋ ಅನ್ನುವುದಲ್ಲ. ಫಿಲ್ಲರ್ ಹಾಕಿದ ರೂಮಿನಲ್ಲಿ, ಹಾಕಿದವರ ಕೈಗೆ ಸಿಗುವ ಹಾಗೆ ಇದೆಯಾ ಅನ್ನುವುದು.

ಕೆಲವು ಫಿಲ್ಲರ್‌ಗಳಿಗೆ ಈ ಮದ್ದು ನಾಟುವುದೇ ಇಲ್ಲ. ಕ್ಯಾಲ್ಸಿಯಂ ಕಣಗಳಿರುವುದು, ಪ್ಲಾಸ್ಟಿಕ್ ಜಾತಿಯ ಕಣಗಳಿರುವುದು, ಸಿಲಿಕೋನ್: ಒಳಗೆ ಹೋದರೆ ಕರಗಿಸುವ ಇಂಜೆಕ್ಷನ್ ಇಲ್ಲ. "ಇದು ಜಾಸ್ತಿ ವರ್ಷ ಬಾಳಿಕೆ ಬರತ್ತೆ" ಎಂದು ಯಾರಾದರೂ ಮಾರಲು ಬಂದರೆ ಬಾಳಿಕೆಯ ಇನ್ನೊಂದು ಮುಖ ನೆನಪಿರಲಿ. ಮೂಗು, ಹುಬ್ಬಿನ ನಡುವಿಗೆ ಅಂತೂ ನಾನು ಬೇಡ ಎಂದೇ ಹೇಳುತ್ತೇನೆ. ಸೂಜಿಯಿಲ್ಲದೆ ಒತ್ತಡದಿಂದ ತುಟಿಗೆ ನುಗ್ಗಿಸುವ ಹ್ಯಾಲುರಾನ್ ಪೆನ್ನುಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಬಳಸಬೇಡಿ ಎಂದು ಎಫ್‌ಡಿಎ 2021ರ ಅಕ್ಟೋಬರ್‌ನಲ್ಲೇ ಎಚ್ಚರಿಸಿದೆ. ಒಂದು ಸಿರಿಂಜನ್ನು ಇಬ್ಬರು ಗೆಳತಿಯರಿಗೆ ಅರ್ಧರ್ಧ ಹಾಕಿ ರೇಟು ಇಳಿಸುವ ಆಫರ್ ಬಂದರೆ ಎದ್ದು ಬನ್ನಿ. ಸಿರಿಂಜು ನಿಮ್ಮ ಮುಂದೆಯೇ ಬಿಚ್ಚಬೇಕು, ಒಬ್ಬರಿಗೇ ಮುಗಿಯಬೇಕು.

ಕಾನೂನು ಏನು ಹೇಳುತ್ತದೆ? ಭಾರತದಲ್ಲಿ ಫಿಲ್ಲರ್ ಸೌಂದರ್ಯವರ್ಧಕದ ಸಾಲಿನಲ್ಲಿ ಬರುವುದಿಲ್ಲ. ವೈದ್ಯಕೀಯ ಸಾಧನ ಎಂದೇ ಲೆಕ್ಕ, 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ. ಹೊರದೇಶದಿಂದ ಬಂದ ಪೆಟ್ಟಿಗೆಯ ಮೇಲೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಇರಬೇಕು. ಸಾದಾ ಬಾಟಲಿಯಲ್ಲಿ, ಲೇಬಲ್ ಕಿತ್ತ ಸಿರಿಂಜಿನಲ್ಲಿ ಬಂದರೆ ಅದು ಎಲ್ಲಿಂದ ಬಂತು ಅಂತ ದೇವರಿಗೇ ಗೊತ್ತು. ಕ್ಲಿನಿಕ್ಕಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಜನ ಇದನ್ನು ಕೆಪಿಎಂಇ ನಂಬರ್ ಅನ್ನುತ್ತಾರೆ. ಜಿಲ್ಲೆಯಲ್ಲಿ ಈ ನೋಂದಣಿ ಮತ್ತು ದೂರು ನೋಡುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಆ ನಂಬರ್ ಇಲ್ಲದ ಪಾರ್ಲರಿನ ಮಹಡಿಯಲ್ಲಿ ಎಂಥ ದೊಡ್ಡ ಡಾಕ್ಟರ್ ಬಂದು ಕೂತರೂ ಅದು ಕ್ಲಿನಿಕ್ ಆಗುವುದಿಲ್ಲ.

ಚುಚ್ಚುವವರು ಯಾರಿರಬೇಕು ಎಂಬಲ್ಲಿ ಮಾತ್ರ ವೈದ್ಯರಲ್ಲೇ ಜಗಳವಿದೆ. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ವರ್ಕ್‌ಶಾಪ್, ಯೂಟ್ಯೂಬ್ ನೋಡಿ ಕಲಿತದ್ದು ಸಾಲದು ಎಂದು ಅದರಲ್ಲಿ ನೇರವಾಗಿಯೇ ಬರೆದಿದ್ದಾರೆ. ಯೂಟ್ಯೂಬಿನ ಹೆಸರೆತ್ತಿ ಹೇಳಬೇಕಾಯಿತು ಅಂದಮೇಲೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ನೋಡಿ. ಅದೇ ವರ್ಷ ಡಿಸೆಂಬರಿನಲ್ಲಿ ದಂತ ವೈದ್ಯಕೀಯ ಪರಿಷತ್ತು ಬಾಯಿ ಮತ್ತು ದವಡೆಯ ಸರ್ಜನ್‌ಗಳಿಗೂ ಮುಖದ ಸೌಂದರ್ಯ ಚಿಕಿತ್ಸೆ ಮಾಡಬಹುದು ಎಂದಿತು. ಚರ್ಮವೈದ್ಯರು ಒಪ್ಪಲಿಲ್ಲ. ನನಗೆ ಅನ್ನಿಸುವುದು ಇಷ್ಟು: ಮುಖದ ನಾಳಗಳನ್ನು ಓದಿಕೊಂಡವರು, ಕೆಟ್ಟರೆ ಸರಿಮಾಡಬಲ್ಲವರು, ಮಾರನೇ ದಿನ ಅದೇ ಊರಲ್ಲಿ ಸಿಗುವವರು. ಈ ಮೂರರಲ್ಲಿ ಮೂರನೆಯದನ್ನು ಯಾವ ಮಾರ್ಗಸೂಚಿಯೂ ಗಟ್ಟಿಯಾಗಿ ಹೇಳುವುದಿಲ್ಲ. ದೆಹಲಿಯಲ್ಲಿ ಕೂತವರಿಗೆ ಊರು ದೂರ ಅನ್ನುವುದು ಕಾಯಿಲೆಯ ಭಾಗ ಎಂದು ಹೊಳೆಯದಿದ್ದರೆ ಆಶ್ಚರ್ಯವೇನಿಲ್ಲ.

ಆರು ತಿಂಗಳಿಂದ ಒಂದೂವರೆ ವರ್ಷ ಇರುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಎಂಆರ್‌ಐ ಮಾಡಿ ನೋಡಿದಾಗ ಎರಡು ವರ್ಷ ದಾಟಿದ ಮೇಲೂ ಒಳಗೆ ಜೆಲ್ ಕಂಡದ್ದಿದೆ. ಕರಗಿತು ಅಂದುಕೊಂಡು ವರ್ಷವರ್ಷ ಮೇಲೆ ಮೇಲೆ ಹಾಕಿಸಿಕೊಂಡವರ ಮುಖ ದಿಂಬಿನ ಹಾಗಾಗುವುದಕ್ಕೆ ಇದೂ ಒಂದು ಕಾರಣ. ಜ್ವರ ಬಂದಾಗ, ಹಲ್ಲಿನ ಸೋಂಕಾದಾಗ ಹಳೇ ಫಿಲ್ಲರ್ ಇದ್ದಕ್ಕಿದ್ದಂತೆ ಊದಿಕೊಳ್ಳುವುದೂ ಉಂಟು. 2020ರಲ್ಲಿ ಮಾಡೆರ್ನಾ ಕೋವಿಡ್ ಲಸಿಕೆಯ ಪ್ರಯೋಗದಲ್ಲಿ ಫಿಲ್ಲರ್ ಹಾಕಿಸಿಕೊಂಡಿದ್ದ ಮೂವರಿಗೆ ಮುಖ, ತುಟಿ ಊದಿತ್ತು.

ಹಲ್ಲಿನ ಮಾತು ಬಂತಲ್ಲ, ಅದನ್ನು ಹೇಳದಿದ್ದರೆ ಆಗುವುದಿಲ್ಲ. ನಮ್ಮ ಕಡೆ ಕವಳ, ಅಂದರೆ ಎಲೆ ಅಡಿಕೆ, ಹಾಕಿ ಹಲ್ಲು ಕಳೆದುಕೊಂಡವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ದವಡೆ ಹಲ್ಲು ಹೋದರೆ ಅದನ್ನು ಹಿಡಿದಿದ್ದ ಮೂಳೆ ಸವೆಯುತ್ತದೆ, ಕೆನ್ನೆ ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ವಯಸ್ಸಾದ ಹಾಗೆಯೇ ಕಾಣುತ್ತದೆ. ಆ ಕುಳಿಗೆ ಹೊರಗಿನಿಂದ ಜೆಲ್ ತುಂಬುವುದು, ಕಂಬ ಮುರಿದ ಮನೆಗೆ ಸುಣ್ಣ ಬಳಿದ ಹಾಗೆ. ಫಿಲ್ಲರ್ ಹಾಕುವವರು ಬಾಯಿ ತೆಗೆಸಿ ನೋಡುತ್ತಾರಾ? ನೋಡಬೇಕು.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಚಿಕ್ಕಮ್ಮನ ಮಗಳು ಸುಮ್ನೆ ಕೇಳಿಸಿಕೊಂಡಳು. ಆಮೇಲೆ ಆ ಭಾನುವಾರದ ಜಾಗಕ್ಕೆ ಫೋನ್ ಮಾಡಿ ಕರಗಿಸುವ ಇಂಜೆಕ್ಷನ್ ಇಟ್ಟಿದ್ದೀರಾ ಎಂದು ಕೇಳಿದಳಂತೆ. "ಅದೆಲ್ಲ ಬೇಕಾಗಲ್ಲ ಮೇಡಂ, ನಮ್ಮಲ್ಲಿ ಇದುವರೆಗೆ ಯಾರಿಗೂ ಏನೂ ಆಗಿಲ್ಲ," ಎಂದಿತಂತೆ ಹುಡುಗಿ. ಇವಳು ಬುಕ್ ಮಾಡಲಿಲ್ಲ.

ಹದಿನೈದು ದಿನದ ಮೇಲೆ ಶಿವಮೊಗ್ಗಕ್ಕೆ ಸೀರೆಗೆಂದು ಬಂದಾಗ ನಾನೇ ಒಬ್ಬರು ಚರ್ಮವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಆಕೆ ಇಪ್ಪತ್ತು ವರ್ಷದಿಂದ ಇದೇ ಊರಲ್ಲಿ ಇರುವವರು. ಅದೇ ಪ್ರಶ್ನೆ ಕೇಳಿದ್ದಕ್ಕೆ ಎದ್ದು ಫ್ರಿಜ್ಜಿನ ಬಾಗಿಲು ತೆಗೆದರು. ಸಣ್ಣ ಸಣ್ಣ ಶೀಶೆಗಳನ್ನು ಮೇಜಿನ ಮೇಲಿಟ್ಟು ಎಕ್ಸ್‌ಪೈರಿ ತಾರೀಖು ತೋರಿಸಿದರು. ಆಮೇಲೆ ಇವಳಿಗೆ ಬಾಯಿ ತೆಗೆಯಲು ಹೇಳಿದರು. ಎಡಗಡೆ ಮೇಲಿನ ದವಡೆ ಹಲ್ಲು ಮೂರು ಇಲ್ಲ. "ಮೊದಲು ಇದನ್ನು ಕಟ್ಟಿಸಿಕೊಳ್ಳಿ ಅಮ್ಮಾ. ಆಮೇಲೂ ಬೇಕು ಅನ್ನಿಸಿದರೆ ಬನ್ನಿ, ಒಂದು ಸಿರಿಂಜಿಗಿಂತ ಜಾಸ್ತಿ ಹಾಕಲ್ಲ. ಮದುವೆಗೆ ಒಂದು ತಿಂಗಳಾದರೂ ಇರಬೇಕು."

ಬಸ್ ಸ್ಟ್ಯಾಂಡಿಗೆ ಹೋಗುವಾಗ ಆಟೋದಲ್ಲಿ ಕೇಳಿದೆ, ಏನು ಮಾಡ್ತೀಯೇ ಅಂತ. ಎರಡೂ ಕೈಯಲ್ಲಿ ಸೀರೆಯ ಚೀಲ ಹಿಡಿದು ಹೊರಗೆ ನೋಡುತ್ತಿದ್ದಳು. "ಮನೇಲಿ ಅಡಿಕೆ ಸುಲಿಯೋರು ಕೂತಿದಾರೆ ಅಕ್ಕ. ಮೊದಲ ಲೋಡು ಮಂಡಿಗೆ ಹೋಗ್ಲಿ. ರೇಟ್ ನೋಡ್ಕೊಂಡು ಹಲ್ಲೋ ಕೆನ್ನೆಯೋ ಹೇಳ್ತೀನಿ."